ಚೆನ್ನಾಜಮ್ಮನ ಚೌರಿ

ಬಾಯಿ ಹೇಳುವ ಕಷ್ಟಕ್ಕಿಂತ ಕೂದಲು ಹೇಳುವ ಕಷ್ಟವನ್ನು ಹೆಚ್ಚು ನಂಬಬಹುದು ಎಂದು ಸರ್ಕಾರ ತೀರ್ಮಾನಿಸಿದ ವರ್ಷ ನನಗೆ ಈ ಕೆಲಸ ಸಿಕ್ಕಿತು. ಮೈಸೂರಿನ ರಿಂಗ್ ರೋಡಿನಾಚೆ ನಮ್ಮ ಕೇಂದ್ರವಿದೆ. ಬೋರ್ಡಿನ ಮೇಲೆ ಎರಡು ಸಾಲಿನಷ್ಟು ಉದ್ದದ ಹೆಸರಿದೆ. ಆಟೋದವರ ಬಾಯಲ್ಲಿ ಮಾತ್ರ ಅದು ಕೂದ್ಲಾಫೀಸು. ನನ್ನ ಹೆಸರು ಪದ್ಮಪ್ರಭಾ, ಓದಿದ್ದು ರಸಾಯನಶಾಸ್ತ್ರ. ದಿನವಿಡೀ ಊರವರ ಕೂದಲು ಸುಡುವುದು ನನ್ನ ಉದ್ಯೋಗ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ಬುಡದಲ್ಲಿ ಹರಿಯುವ ರಕ್ತದಿಂದ ಅಷ್ಟಿಷ್ಟು ಹೀರಿ ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ನುಂಗಿದ ಔಷಧಿ, ಉಸಿರಾಡಿದ ಹೊಗೆ, ಮನಸ್ಸು ಕುಸಿದಾಗ ದೇಹ ಸುರಿಸುವ ರಸಗಳು, ಎಲ್ಲವೂ ಅದರಲ್ಲಿರುತ್ತವೆ. ನಮ್ಮ ಯಂತ್ರ ಎಳೆಯನ್ನು ಬುಡದಿಂದ ತುದಿಯವರೆಗೆ ಲೇಸರಿನಿಂದ ಸುಡುತ್ತಾ ಹೋಗಿ, ಎದ್ದ ಆವಿಯನ್ನು ಅಳೆದು, ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ನಿಮ್ಮ, ನನ್ನ ಗೆರೆಯಾದರೆ ಹಳ್ಳಿ ರಸ್ತೆಯ ಬಸ್ಸಿನ ಹಾಗೆ ಏರುತ್ತದೆ, ಇಳಿಯುತ್ತದೆ. ಖಿನ್ನತೆಯವರ ಗೆರೆ ಒಂದೇ ಸಲ ಮೇಲೇರಿ ಅಲ್ಲೇ ನಿಂತುಬಿಡುತ್ತದೆ. ನಾವು ಅದನ್ನು ಗೋಡೆ ಎನ್ನುತ್ತೇವೆ.

ಗೋಡೆ ಒಡೆಯಲು ಕೊಡುವ ಮಾತ್ರೆಯ ಹೆಸರು ನಿರಾಳಿನ್. ಯೋಜನೆಗೆ ಸೇರಿದವರು ಪ್ರತಿ ತಿಂಗಳು ತಲೆಯ ಹಿಂಭಾಗದಿಂದ ನಾಲ್ಕೈದು ಎಳೆ ಕತ್ತರಿಸಿ ಕವರಿನಲ್ಲಿ ಹಾಕಿ ಕಳಿಸಬೇಕು. ನಾವು ಓದಿ ನೋಡಿ ಮುಂದಿನ ತಿಂಗಳ ಮಾತ್ರೆ ಕಳಿಸುತ್ತೇವೆ. ಹಿಂದೆ ಬೀದಿಯಲ್ಲಿ ಕೂಗುತ್ತಾ ಬರುವವರು ಉದುರಿದ ಕೂದಲು ತೆಗೆದುಕೊಂಡು ಹೇರ್‌ಪಿನ್ನೋ ಸ್ಟೀಲ್ ಲೋಟವೋ ಕೊಡುತ್ತಿದ್ದರಲ್ಲ, ನಮ್ಮದೂ ಅದೇ ವ್ಯಾಪಾರ.

ನಿಯಮಗಳು ಎರಡು. ಕೂದಲಿನಲ್ಲಿ ಮಾತ್ರೆಯ ಅಂಶ ಕಾಣದಿದ್ದರೆ ಆ ವ್ಯಕ್ತಿ ಮಾತ್ರೆ ನುಂಗುತ್ತಿಲ್ಲವೆಂದು ಅರ್ಥ, ಸರಬರಾಜು ಬಂದ್. ಎರಡನೆಯದು, ನಿರಾಳಿನ್‌ನಿಂದ ಕೆಲವರಿಗೆ ಕೂದಲು ಉದುರುತ್ತದೆ. ಒಂದು ಮಟ್ಟ ದಾಟಿ ಉದುರಿದರೆ ಆಗಲೂ ಬಂದ್. ಕೂದಲು ಹೋದ ದುಃಖಕ್ಕೆ ಹೆಂಗಸರಲ್ಲಿ ಖಿನ್ನತೆ ಮರುಕಳಿಸುತ್ತದೆ ಎಂಬುದು ಸಮಿತಿಯ ಅಭಿಪ್ರಾಯ. ಸಮಿತಿಯಲ್ಲಿ ಹೆಂಗಸರು ಇರಲಿಲ್ಲ. ಇದ್ದವರಲ್ಲಿ ಹೆಚ್ಚಿನವರು ಬೊಕ್ಕ ತಲೆಯವರು, ಎಲ್ಲರೂ ಆರಾಮವಾಗಿಯೇ ಇದ್ದರು.

ಹುಣಸೂರಿನ ದಾಕ್ಷಾಯಿಣಿ ಎಂಬಾಕೆಯ ಗೆರೆ ನನ್ನ ಪರದೆಯ ಮೇಲೆ ಬಂದದ್ದು ಒಂದು ಸೋಮವಾರ. ಅಲ್ಲಿಯವರೆಗೆ ಆಕೆ ಯೋಜನೆಯ ಮುದ್ದಿನ ಮಗಳು. ತಿಂಗಳಿಂದ ತಿಂಗಳಿಗೆ ಗೋಡೆ ಇಳಿದಿತ್ತು, ಮಾತ್ರೆಯ ಅಂಶ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಈಗ ಬಂದ ಕೂದಲಿನಲ್ಲಿ ಮಾತ್ರೆಯ ಸುಳಿವೇ ಇಲ್ಲ. ಗೆರೆ ನೋಡಿದರೆ ಗೋಡೆ, ಅದೂ ಕೋಟೆಯ ಗೋಡೆ.

ನಮ್ಮ ಮುಖ್ಯಸ್ಥರು ಡಾ. ಉತ್ತಯ್ಯ. ಕೊಡಗಿನವರು, ಸಮಿತಿಯ ಸದಸ್ಯರು, ತಲೆಯ ವಿಷಯ ಆಗಲೇ ಹೇಳಿದೆ.

“ನುಂಗೋದು ನಿಲ್ಲಿಸಿದ್ದಾರೆ. ಪಟ್ಟಿಯಿಂದ ತೆಗೀರಿ,” ಎಂದರು.

“ಸಾರ್, ಈ ಕೂದಲು ಮೂರು ಸೆಂಟಿಮೀಟರ್ ಇದೆ. ಅಂದ್ರೆ ಹಿಂದಿನ ಮೂರು ತಿಂಗಳದ್ದು. ಹೋದ ತಿಂಗಳು ಕಳಿಸಿದ ಕೂದಲಲ್ಲಿ ಮಾತ್ರೆ ಇತ್ತು. ಆಮೇಲೆ ನಿಲ್ಲಿಸಿದ್ರೂ ಇದರ ತುದಿಯಲ್ಲಾದ್ರೂ ಇರಲೇಬೇಕಲ್ಲ?”

“ಹಾಗಾದ್ರೆ ಬೇರೆಯವರ ಕೂದಲು.”

“ಗುರುತು ಹೊಂದ್ತಾ ಇದೆ.”

ಉತ್ತಯ್ಯನವರು ಕುರ್ಚಿ ಎಳೆದುಕೊಂಡು ಕುಳಿತರು. ಬುಡವಿಲ್ಲದ ಕೂದಲಿನ ಎಳೆಯಲ್ಲಿ ಪೂರ್ತಿ ಡಿಎನ್‌ಎ ಸಿಗುವುದಿಲ್ಲ, ಮೈಟೊಕಾಂಡ್ರಿಯಾದ್ದು ಮಾತ್ರ ಸಿಗುತ್ತದೆ. ಅದು ತಾಯಿಯಿಂದ ಮಕ್ಕಳಿಗೆ ಇದ್ದ ಹಾಗೆಯೇ ಇಳಿದು ಬರುತ್ತದೆ. ಹಾಗಾಗಿ ತಾಯಿ, ಅಕ್ಕತಂಗಿ, ಮಗಳು ಇವರೆಲ್ಲರ ಕೂದಲು ನಮ್ಮ ಯಂತ್ರಕ್ಕೆ ಒಬ್ಬರದೇ. ದಾಕ್ಷಾಯಿಣಿಗೆ ಅಕ್ಕತಂಗಿಯರಿಲ್ಲ. ತಾಯಿ ತೀರಿಕೊಂಡು ವರ್ಷಗಳಾಗಿವೆ. ಉಳಿದವಳು ಮಗಳು, ಆರನೇ ಕ್ಲಾಸಿನ ಇಂಪನ.

“ಮಗೂದಾ ಇದು?” ಎಂದು ಉತ್ತಯ್ಯ ಪರದೆಯನ್ನೇ ನೋಡಿದರು. ಆ ವಯಸ್ಸಿನ ಮಗುವಿನೊಳಗೆ ಇಂಥ ಗೋಡೆಯೆಂದರೆ ಯೋಚಿಸುವುದಕ್ಕೂ ಭಯವಾಗುತ್ತದೆ. ಫೋನಿನಲ್ಲಿ ಕೇಳುವ ವಿಷಯವೂ ಅದಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಾನು ಹುಣಸೂರಿಗೆ ಹೊರಟೆ.

ಆ ಮನೆಯ ಕಥೆ ನನಗೆ ಆಮೇಲೆ ದಾಕ್ಷಿಯೇ ಹೇಳಿದ್ದು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ದಾಕ್ಷಿ ಮತ್ತು ಗಂಡ ಶಿವನಂಜು ಹುಣಸೂರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟವರು. ಚಕ್ಕುಲಿ, ನಿಪ್ಪಟ್ಟು, ಖಾರಾ ಬೂಂದಿ ಎಲ್ಲ ಮನೆಯಲ್ಲೇ ತಯಾರು. ಇದ್ದಕ್ಕಿದ್ದ ಹಾಗೆ ದಾಕ್ಷಿಗೆ ಹಿಟ್ಟು ಕಲೆಸಲು ಕೈ ಬಾರದಾಯಿತು. ಆಮೇಲೆ ಹಾಸಿಗೆಯಿಂದ ಏಳಲು ಆಗದಾಯಿತು. ಏನಾಗಿದೆ ಎಂದು ಕೇಳಿದರೆ ಏನೂ ಆಗಿಲ್ಲ ಎನ್ನುವುದು, ಗೋಡೆ ಕಡೆ ತಿರುಗಿ ಮಲಗುವುದು. ಮಗಳು ಕೆದರಿದ ತಲೆಯಲ್ಲೇ ಸ್ಕೂಲಿಗೆ ಹೋಗಿ ಮೇಷ್ಟರಿಂದ ಬೈಸಿಕೊಂಡಳು. ಮೂರು ಬಗೆಯ ಮಾತ್ರೆ ಬದಲಾಯಿತು. ಒಂದರಲ್ಲಿ ಬರೀ ನಿದ್ದೆ, ಒಂದರಲ್ಲಿ ವಾಂತಿ, ಮತ್ತೊಂದರಲ್ಲಿ ಏನೂ ಇಲ್ಲ. ನಾಲ್ಕನೆಯದು ನಿರಾಳಿನ್. ಅದನ್ನು ಶುರು ಮಾಡಿ ಕೆಲವು ವಾರಗಳಾದ ಮೇಲೆ ಒಂದು ಬೆಳಗ್ಗೆ ಗಂಡ ನಿಪ್ಪಟ್ಟಿಗೆ ಉಪ್ಪು ಜಾಸ್ತಿ ಹಾಕಿದನೆಂದು ದಾಕ್ಷಿ ಹಾಸಿಗೆಯಿಂದಲೇ ಬೈದಳು. ಶಿವನಂಜು ಅಂಗಡಿಗೆ ಹೋಗಿ ಗಿರಾಕಿಗಳಿಗೆಲ್ಲ ಅದನ್ನು ಹೇಳಿಕೊಂಡು ನಕ್ಕನಂತೆ.

ದಾಕ್ಷಿ ಎದ್ದಳು, ಅಂಗಡಿ ಎದ್ದಿತು. ಆಗ ಕೂದಲು ಉದುರಲು ಹತ್ತಿತು. ಇದು ಏಕೆಂದರೆ, ಕೂದಲಿಗೂ ಬೆಳೆಯುವ ಕಾಲ, ವಿಶ್ರಾಂತಿಯ ಕಾಲ ಎಂದಿರುತ್ತದೆ. ಈ ಔಷಧಿ ಕೆಲವರಲ್ಲಿ ಬೆಳೆಯುವ ಕೂದಲನ್ನೆಲ್ಲ ಒಟ್ಟಿಗೆ ವಿಶ್ರಾಂತಿಗೆ ಕಳಿಸುತ್ತದೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಒಟ್ಟಿಗೆ ಕಳಚಿಕೊಳ್ಳುತ್ತವೆ. ಮೊದಲು ದಿಂಬಿನ ಮೇಲೆ, ಆಮೇಲೆ ಬಚ್ಚಲ ಜಾಲರಿಯಲ್ಲಿ, ಕೊನೆಗೊಮ್ಮೆ ಖಾಯಂ ಗಿರಾಕಿಯ ನಿಪ್ಪಟ್ಟಿನಲ್ಲಿ. ಅವತ್ತಿನಿಂದ ದಾಕ್ಷಿ ತಲೆಗೆ ಬಟ್ಟೆ ಕಟ್ಟಿದಳು. ಬಟ್ಟೆ ಕಟ್ಟಿದ ಮೇಲೆ ಜನ ಮೆತ್ತಗಿನ ದನಿಯಲ್ಲಿ ಕ್ಯಾನ್ಸರಾ ಎಂದು ಕೇಳತೊಡಗಿದರು. ಕೇಳಿದವರು ಏನೂ ಕೊಳ್ಳದೆ ಹೋಗುತ್ತಿದ್ದರು.

“ಹೋದ್ರೆ ಹೋಗ್ಲಿ ಬುಡು ಆ ಕೂದ್ಲು,” ಎಂದ ಶಿವನಂಜು. “ನೀನು ಬೈಕೊಂಡು ಓಡಾಡ್ತಾ ಇರು, ಅಷ್ಟೇ ಸಾಕು.”

ಆದರೆ ಕೂದಲು ಪೂರ್ತಿ ಹೋದರೆ ಮಾತ್ರೆ ನಿಲ್ಲುತ್ತದೆ ಎಂದು ದಾಕ್ಷಿಗೆ ಗೊತ್ತಿತ್ತು, ಪೊಟ್ಟಣದ ಮೇಲೇ ಬರೆದಿದೆ. ಕಳಿಸಲು ತಲೆಯ ಹಿಂಭಾಗದಲ್ಲಿ ಕೂದಲಿಲ್ಲ. ಕಳಿಸದಿದ್ದರೂ ಮಾತ್ರೆ ಬರುವುದಿಲ್ಲ. ಆಗ ಅವಳಿಗೆ ಬೀರುವಿನಲ್ಲಿದ್ದ ತಾಯಿಯ ಚೌರಿ ನೆನಪಾಯಿತು.

ಈಗಿನವರಿಗೆ ಚೌರಿ ಗೊತ್ತಿರಲಿಕ್ಕಿಲ್ಲ. ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಕಟ್ಟಿ, ಗೋಡೆಯ ಸಂದಿನಲ್ಲಿ ಸಿಕ್ಕಿಸಿ, ವರ್ಷಗಟ್ಟಲೆ ಕೂಡಿಟ್ಟು, ಕೊನೆಗೆ ಚೌರಿ ಕಟ್ಟುವವರಿಗೆ ಕೊಟ್ಟು ಮಾಡಿಸುವ ಹುಸಿ ಜಡೆ ಅದು. ಹಬ್ಬ ಮದುವೆಗಳಲ್ಲಿ ತೆಳ್ಳನೆ ಜಡೆಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದರು. ದಾಕ್ಷಿಯ ತಾಯಿ ಚೆನ್ನಾಜಮ್ಮ ಇದ್ದಷ್ಟು ಕಾಲವೂ ಕೂಡಿಟ್ಟ ಕೂದಲಿನದು ಈ ಚೌರಿ. ಅವ್ವನ ಕೂದಲೆಂದರೆ ನನ್ನದೇ ತಾನೆ, ಒಂದೇ ರಕ್ತ ಎಂದುಕೊಂಡು ದಾಕ್ಷಿ ಅದರಿಂದ ನಾಲ್ಕು ಎಳೆ ಕತ್ತರಿಸಿ, ಅಳತೆಗೆ ಸರಿಮಾಡಿ, ಕವರಿನಲ್ಲಿ ಹಾಕಿದಳು. ನಾವು ಕೂದಲಿನಲ್ಲಿ ಏನೇನು ಓದುತ್ತೇವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದು ನಮ್ಮ ಪದ್ಧತಿಯೂ ಅಲ್ಲ.

ನಾನು ಅಂಗಡಿ ತಲುಪಿದಾಗ ತಲೆಗೆ ಹಳದಿ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ಗಲ್ಲಾದ ಹಿಂದೆ ಸ್ಟೂಲಿನ ಮೇಲೆ ಕುಳಿತು, ಯೂನಿಫಾರ್ಮ್ ತೊಟ್ಟ ಹುಡುಗಿಗೆ ಎರಡು ಜಡೆ ಹೆಣೆಯುತ್ತಿದ್ದಳು. ಹುಡುಗಿ ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡು ಏನೋ ಕಥೆ ಹೇಳುತ್ತಿತ್ತು. ಅಮ್ಮ ಜಡೆ ಎಳೆದು, “ತಲೆ ಅಲ್ಲಾಡಿಸ್ಬ್ಯಾಡ ಕಣೇ,” ಎಂದಳು. ಇಬ್ಬರೂ ನಗುತ್ತಿದ್ದರು. ಅಷ್ಟು ಹೊತ್ತು ಬಸ್ಸಿನಲ್ಲಿ ನಾನು ಕಲ್ಪಿಸಿಕೊಂಡು ಬಂದ ಮನೆ ಇದಾಗಿರಲಿಲ್ಲ.

ಹುಡುಗಿ ಸ್ಕೂಲಿಗೆ ಹೋದ ಮೇಲೆ ನಾನು ಯಾರೆಂದು ಹೇಳಿದೆ. ದಾಕ್ಷಿಯ ಮುಖ ಸಣ್ಣಗಾಯಿತು.

“ಹೋದ ವಾರ ಕಳಿಸಿದ್ದು ಮಗಳ ಕೂದಲಾ?” ಎಂದು ಕೇಳಿದೆ.

“ಏನಂದ್ರಿ?” ಅವಳಿಗೆ ಸಿಟ್ಟು ಬಂತು. “ಮಗೀನ ಕೂದ್ಲು ಕತ್ತರ್ಸಿ ಕಳಿಸೋ ಅಷ್ಟು ಕೆಟ್ಟೋಗಿದೀನಾ ನಾನು?”

“ಹಾಗಾದ್ರೆ ನಿಮ್ಮದೂ ಅಲ್ಲ. ಅದರಲ್ಲಿ ಮಾತ್ರೆ ಇಲ್ಲ. ಹೀಗೇ ಬಿಟ್ರೆ ಮುಂದಿನ ತಿಂಗಳಿಂದ ಮಾತ್ರೆ ನಿಲ್ಲಿಸ್ತಾರೆ.”

ಅವಳು ಒಳಗೆ ಬನ್ನಿ ಎಂದಳು. ಎಣ್ಣೆಯ ಡಬ್ಬಗಳ ಮಧ್ಯೆ ನಿಂತು ತಲೆಯ ಬಟ್ಟೆ ಬಿಚ್ಚಿದಳು. ಅಲ್ಲಲ್ಲಿ ನಾಲ್ಕು ಎಳೆ ಬಿಟ್ಟರೆ ತಲೆ ನುಣ್ಣಗಿತ್ತು.

“ನೋಡ್ಕಳಿ. ಇದ್ನ ಬರ್ಕೊಂಡ್ರೂ ನಿಲ್ಲಿಸ್ತೀರಿ, ಬರ್ಕಳದಿದ್ರೂ ನಿಲ್ಲಿಸ್ತೀರಿ. ಆ ಮೂರು ಮಾತ್ರೆ ತಿಂದಾಗ ತಲೆ ತುಂಬ ಕೂದ್ಲಿತ್ತು ಮೇಡಂ, ಏಳಕ್ಕೆ ಆಯ್ತಿರ್ಲಿಲ್ಲ. ಈಗ ಕೂದ್ಲಿಲ್ಲ, ಎದ್ದು ಓಡಾಡ್ತಿವ್ನಿ. ಯಾವ್ದು ಬೇಕು ಅಂತ ನನ್ನ ಒಬ್ರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಅವಳು ಕಳಿಸಿದ ಕೂದಲು ಯಾರದೆಂದು ಮತ್ತೆ ಕೇಳಿದೆ. ಅವಳು ಬೀರುವಿನಿಂದ ಚೌರಿ ತಂದು, “ಅವ್ವಂದು,” ಎಂದು ಕೈಗಿಟ್ಟಳು. ತೂಕವಾಗಿತ್ತು, ಸೀಗೆಪುಡಿಯ ವಾಸನೆ ಇನ್ನೂ ಇತ್ತು. ಅಲ್ಲೇ ನನಗೆ ಎಲ್ಲವೂ ಹೊಂದಿಕೊಂಡಿತು. ಹೊಂದಿಕೊಂಡ ಮೇಲೆ ಸುಮ್ಮನಿರಬಹುದಿತ್ತು, ಆದರೆ ನನಗೆ ಸುಮ್ಮನಿರುವ ಅಭ್ಯಾಸವಿಲ್ಲ.

“ನಿಮ್ಮ ತಾಯಿಗೆ ತುಂಬ ಕಷ್ಟ ಇತ್ತಾ?”

“ಅವ್ವಂಗಾ? ಅವ್ವಂಗೇನು ಕಷ್ಟ? ಅಪ್ಪ ಒಳ್ಳೇವ್ನು, ಮನೇಲಿ ಉಣ್ಣಕ್ಕೆ ಉಡಕ್ಕೆ ಇತ್ತು. ಅವ್ವಂದು ಮುಖ ಗಂಟಿಕ್ಕೋ ಜಾತಿ. ಹಿತ್ಲು ಮೆಟ್ಲ ಮೇಲೆ ಕೂತ್ರೆ ಸಂಜೆಗಂಟ ಅಲ್ಲೇ. ಕರುದ್ರೆ ಓ ಅಂತಿರ್ಲಿಲ್ಲ. ಕೊಬ್ಬು ಅಂತಿತ್ತು ನಮ್ಮಜ್ಜಿ. ನಂಗೂ ಅಷ್ಟೇ, ಅವ್ವನ ಕಂಡ್ರೆ ಆಯ್ತಿರ್ಲಿಲ್ಲ.”

ನಾನು ಫೋನಿನಲ್ಲಿದ್ದ ಎರಡು ಚಿತ್ರ ತೋರಿಸಿದೆ. ಒಂದು, ದಾಕ್ಷಿ ಯೋಜನೆಗೆ ಸೇರಿದಾಗ ಕಳಿಸಿದ ಮೊದಲ ಕೂದಲಿನ ಗೆರೆ, ಅವಳು ಹಾಸಿಗೆ ಹಿಡಿದಿದ್ದ ಕಾಲದ್ದು. ಇನ್ನೊಂದು ಚೌರಿಯದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚೌರಿಯ ಗೋಡೆಯೇ ಎತ್ತರ. ಇದರ ಅರ್ಥವೇನೆಂದು ವಿವರಿಸಿದೆ. ದಾಕ್ಷಿ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು. ಹೊರಗೆ ಯಾರೋ ಖಾರಾ ಬೂಂದಿ ಕೇಳುತ್ತಿದ್ದರು, ಶಿವನಂಜು ತೂಗುತ್ತಿದ್ದ.

“ನಂಗಿಂತ ಜಾಸ್ತಿಯಾ?” ಎಂದಳು.

“ಜಾಸ್ತಿ.”

“ಇಷ್ಟು ಇಟ್ಕಂಡು ಅಡ್ಗೆ ಮಾಡ್ತಿದ್ಲು,” ಎಂದು ಗೋಡೆಗೆ ಒರಗಿದಳು. ಆಮೇಲೆ ಚೌರಿಯನ್ನು ನನ್ನ ಕಡೆ ತಳ್ಳಿ, “ಇದ್ರಲ್ಲಿ ಎಲ್ಲಾರ ಒಂದ್ಕಡೆ ಅವ್ವ ಚೆನ್ನಾಗಿದ್ಲಾ ಅಂತ ನೋಡಿ ಹೇಳ್ತೀರಾ?” ಎಂದು ಕೇಳಿದಳು.

ಓದಿದ ಎಳೆ ಸುಟ್ಟು ಹೋಗುತ್ತದೆ, ತಿರುಗಿ ಬರುವುದಿಲ್ಲ ಎಂದೆ. ಅವಳು ಕತ್ತರಿ ತಂದು ಚೌರಿಯನ್ನು ಉದ್ದಕ್ಕೆ ಸೀಳಿ ಅರ್ಧ ನನಗೆ ಕೊಟ್ಟಳು.

ಆ ವಾರ ಕೇಂದ್ರದ ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಚೆನ್ನಾಜಮ್ಮನ ಕೂದಲು ಓದಿದೆ. ಒಂದೊಂದು ಎಳೆಯೂ ಮೊಳಕ್ಕಿಂತ ಉದ್ದ. ಒಂದೊಂದರಲ್ಲೂ ಮೂರು ನಾಲ್ಕು ವರ್ಷದ ಬದುಕು. ಕಪ್ಪು ಎಳೆಗಳಿದ್ದವು, ಕೆಂಚು ಎಳೆಗಳಿದ್ದವು, ಬೆಳ್ಳಗಿನವೂ ಇದ್ದವು. ಅಂದರೆ ಹರೆಯದಿಂದ ಮುಪ್ಪಿನವರೆಗಿನದೆಲ್ಲ ಅಲ್ಲಿತ್ತು. ಸೌದೆ ಒಲೆಯ ಹೊಗೆ ಎಲ್ಲದರಲ್ಲೂ ಸಿಕ್ಕಿತು. ಎಲ್ಲೋ ಒಂದು ಕಡೆ ಗೆರೆ ಇಳಿದೀತೆಂದು ಕಾದೆ. ಕಪ್ಪು ಎಳೆಯಲ್ಲೂ ಗೋಡೆ, ಬಿಳಿಯದರಲ್ಲೂ ಗೋಡೆ. ಉತ್ತಯ್ಯನವರು ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ.

“ಈ ಹೆಂಗಸು ಯಾವತ್ತೂ ಆಸ್ಪತ್ರೆಗೆ ಹೋಗಿಲ್ವಾ?”

“ಕೊಬ್ಬು ಅಂದ್ರಂತೆ ಸಾರ್.”

ಅವರು ಗೆರೆಗಳನ್ನು ಇನ್ನೊಮ್ಮೆ ನೋಡಿ ಹೋದರು. ನನಗೆ ಅಳು ಬಂತು, ಅತ್ತೆ. ಒಮ್ಮೆಯೂ ಕಂಡಿರದ ಹೆಂಗಸಿಗಾಗಿ ಅತ್ತದ್ದು ಅದೇ ಮೊದಲು. ದಾಕ್ಷಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆಯಿಂದ “ಸರಿ ಮೇಡಂ” ಎಂದಷ್ಟೇ ಬಂತು.

ಸಮಿತಿ ಸೇರಿದ ದಿನ ದಾಕ್ಷಿಯನ್ನೂ ಕರೆಸಿದ್ದರು. ನಾನು ಮೊದಲು ಯಂತ್ರದ ಮಾತು ಮುಗಿಸಿದೆ. ಕೂದಲು ಇಲ್ಲದವರ ಉಗುರು ಓದಬಹುದು, ಉಗುರೂ ಹಾಗೆಯೇ ಎಲ್ಲ ಬಚ್ಚಿಟ್ಟುಕೊಳ್ಳುತ್ತದೆ. ಕೆಲಸ ನಿಧಾನ, ಅಷ್ಟೇ. ದಾಕ್ಷಿಯ ಉಗುರು ಓದಿ ತಂದಿದ್ದೆ. ಮಾತ್ರೆ ಇತ್ತು, ಗೋಡೆ ಇರಲಿಲ್ಲ. ಹಾಗಾಗಿ ಮೊದಲ ನಿಯಮದ ತಕರಾರು ಬಗೆಹರಿಯಿತು. ಚೌರಿಯ ವಿಷಯಕ್ಕೆ ಒಬ್ಬರು ವಂಚನೆ ಎಂಬ ಪದ ಬಳಸಿದರು. ಉತ್ತಯ್ಯ ಕೆಮ್ಮಿದರು, ಹೇಳಿದವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಉಳಿದದ್ದು ಎರಡನೆಯ ನಿಯಮ.

ದಾಕ್ಷಿ ಬಟ್ಟೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ದೀಪದ ಕೆಳಗೆ ಆ ಮೇಜಿನ ಸುತ್ತ ಹೊಳೆಯುವ ತಲೆಗಳಿಗೆ ಒಂದು ಹೆಚ್ಚಾಗಿತ್ತು.

ಅಧ್ಯಕ್ಷರು ವಯಸ್ಸಾದ ಮನೋವೈದ್ಯರು, ಕೆಟ್ಟವರಲ್ಲ. “ನೋಡಿ ಅಮ್ಮ, ಮಾತ್ರೆ ನಿಲ್ಲಿಸಿದರೆ ಕೂದಲು ವಾಪಸ್ ಬರಬಹುದು. ಮುಂದುವರಿಸಿದರೆ ಬರೋದೇ ಇಲ್ಲ ಅಂತ ಇಟ್ಟುಕೊಳ್ಳಿ. ನೀವಿನ್ನೂ ಸಣ್ಣ ವಯಸ್ಸಿನವರು. ಜನ ಆಡಿಕೊಳ್ತಾರೆ, ಮಗಳು ನಾಚಿಕೆಪಟ್ಟುಕೊಳ್ಳಬಹುದು. ಆ ನೋವಿಗೆ ನೀವು ಮತ್ತೆ ಮಲಗಿಬಿಟ್ಟರೆ ಅನ್ನೋದೇ ನಮ್ಮ ಹೆದರಿಕೆ,” ಎಂದರು.

“ಕೂದ್ಲು ಹೋದಾಗ ಅತ್ತೆ ಸಾರ್, ಇಲ್ಲ ಅನ್ನಲ್ಲ. ಸ್ನಾನದ ಮನೇಲಿ ಕೂತ್ಕಂಡು ಅತ್ತೆ. ಅತ್ತು ಎದ್ದು ಬಂದು ಚಕ್ಕುಲಿ ಒತ್ತಿದೆ. ಮೊದ್ಲು ಮಲಗಿದ್ನಲ್ಲ, ಆಗ ಅಳೂನೂ ಬತ್ತಿರ್ಲಿಲ್ಲ.”

“ಆದರೂ ಯೋಚನೆ ಮಾಡಿ.”

ಪರದೆಯ ಮೇಲೆ ನಾನು ಹಾಕಿದ್ದ ಚೆನ್ನಾಜಮ್ಮನ ಗೆರೆಗಳು ಇನ್ನೂ ಇದ್ದವು, ಒಂದರ ಕೆಳಗೊಂದು. ದಾಕ್ಷಿ ಅತ್ತ ಕೈ ತೋರಿಸಿದಳು.

“ಅದು ನಮ್ಮವ್ವ. ಕೂದ್ಲು ಮಂಡಿಗಂಟ ಇತ್ತು. ಊರೋರೆಲ್ಲ ಹೊಗಳೋರು. ಒಂದಿನಾನೂ ನನ್ನ ತಲೆ ಬಾಚಲಿಲ್ಲ ಅವಳು. ನಾನು ಬಾಚಣಿಗೆ ಹಿಡ್ಕಂಡು ಹೋಗಿ ಎದುರ್ಗೆ ನಿಲ್ತಿದ್ದೆ, ನೋಡೋಳು, ಕೈ ಎತ್ತಕ್ಕೆ ಆಯ್ತಿರ್ಲಿಲ್ಲ. ಪಕ್ಕದ್ಮನೆ ಸಾಕವ್ವ ಬಾಚೋಳು. ನಮ್ಮವ್ವಂಗೆ ನಾನು ಬ್ಯಾಡ ಅಂತ ತಿಳ್ಕಂಡು ಬೆಳೆದೆ ಸಾರ್. ಅವಳು ಸತ್ತಾಗ್ಲೂ ಹಂಗೇ ತಿಳ್ಕಂಡಿದ್ದೆ.”

ಅಧ್ಯಕ್ಷರು ಕನ್ನಡಕ ತೆಗೆದರು.

“ಈ ಮಾತ್ರೆ ಅವಳಿಗೆ ಸಿಕ್ಕಿದ್ರೆ ಆ ಕೂದ್ಲೆಲ್ಲ ಹೋಗಿರೋದು. ಬೋಳ್ತಲೆ ಇಟ್ಕಂಡು ನನ್ನ ಕೂರಿಸ್ಕಂಡು ಜಡೆ ಹಾಕಿರೋಳು. ನಂಗೆ ಅಂಥ ಅವ್ವ ಸಿಗ್ನಿಲ್ಲ.” ದನಿ ಒಡೆಯಿತು, ಅವಳು ಅದನ್ನು ಮುಚ್ಚಿಡಲು ಹೋಗಲಿಲ್ಲ. “ನನ್ ಮಗಳಿಗೆ ಸಿಕ್ಕವ್ಳೆ ಸಾರ್. ಅವಳ ಕೈಯಿಂದ ಕಿತ್ಕಬ್ಯಾಡಿ.”